ಮುಂಬಯಿಯಲ್ಲಿ ಹಳೇ ಕಾಲದ ಹೋಟೆಲ್ ಬೇಕು, ಬಾಡಿಗೆ ಮಾತ್ರ ಕೈಗೆಟುಕಬೇಕು

ಗುಮ್ಮಟ_ಗಲ್ಲಿ (ಕಲಬುರಗಿ)

ಎಲ್ಲರಿಗೂ ಶರಣು. ಚಳಿಗಾಲದ ರಜೆಯಲ್ಲಿ ಅಪ್ಪ-ಅವ್ವನನ್ನು ಮುಂಬಯಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. ಮನೆಗೆ ಯಾರೇ ಬಂದರೂ ಕೋಟೆಯೊಳಗಿನ ಜಾಮಿ ಮಸೀದಿ ತೋರಿಸಿ, 1367ರದ್ದು ಅಂತ ಹೇಳದೆ ಊಟಕ್ಕೆ ಕೂರಿಸುವುದಿಲ್ಲ. ಅವರದ್ದು ಒಂದೇ ಹಟ. ಮುಂಬಯಿಗೆ ಹೋದರೆ ಹಳೇ ಕಾಲದ ಕಟ್ಟಡದಲ್ಲೇ ಇಳಿಯಬೇಕಂತೆ. "ಗಾಜಿನ ಡಬ್ಬಿಯೊಳಗೆ ಮಲಗೋಕೆ ಅಷ್ಟು ದೂರ ಯಾಕೆ ಹೋಗಬೇಕು" ಅಂತಾರೆ.

ತಾಜ್ ಹೋಟೆಲಿನ ಬಾಡಿಗೆ ನೋಡಿದೆ. ನೋಡಿ ಫೋನ್ ಪಕ್ಕಕ್ಕಿಟ್ಟೆ. ನನ್ನ ಲೆಕ್ಕ ಒಂದು ಖೋಲಿಗೆ ದಿನಕ್ಕೆ 3-4 ಸಾವಿರ. ಎರಡು ಖೋಲಿ ಬೇಕು. ಅವ್ವನಿಗೆ ಮೊಣಕಾಲು ನೋವು. ಆ್ಯಪ್‌ನಲ್ಲಿ ಹುಡುಕಿದರೆ 'ಹೆರಿಟೇಜ್' ಅಂತ ಹೆಸರಿಟ್ಟುಕೊಂಡ ಹೊಸ ಬಿಲ್ಡಿಂಗ್‌ಗಳೇ ಬರುತ್ತಿವೆ. ಉಳಿದು ಬಂದವರು ಯಾರಾದರೂ ಇದ್ದರೆ ಹೇಳಿ.

ಹಳೇ_ಸ್ಟೇಷನ್ (ಕಲಬುರಗಿ)

ತಮ್ಮಾ, ನಿಮ್ಮ ಅಪ್ಪನವರಿಗೆ ನನ್ನ ಶರಣು ಹೇಳು. ಹೋಟೆಲ್ ಮಾತು ಆಮೇಲೆ. ಮೊದಲು ರೈಲಿನಿಂದ ಇಳಿಯೋ ಜಾಗವನ್ನೇ ನೋಡಪ್ಪ. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ಸಿಗೆ ಸಂಜೆ ಹತ್ತಿದರೆ ಬೆಳಗ್ಗೆ ಸಿಎಸ್‌ಎಂಟಿಯಲ್ಲೇ, ಅಂದ್ರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲೇ, ಇಳಿಸುತ್ತದೆ. ಆ ಸ್ಟೇಷನ್ನೇ ಒಂದು ಐತಿಹಾಸಿಕ ಕಟ್ಟಡ. ಎಫ್. ಡಬ್ಲ್ಯೂ. ಸ್ಟೀವನ್ಸ್ ಅನ್ನುವವರ ನಕ್ಷೆ. 1878ರಲ್ಲಿ ಕೆಲಸ ಶುರುವಾಗಿ ಮುಗಿಯೋಕೆ 10 ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಇಂಗ್ಲೆಂಡಿನದು, ಹುಲಿ ನಮ್ಮದು.

ಇನ್ನೊಂದು ಮಾತು ಹೇಳಿದರೆ ನಿಮ್ಮ ಅಪ್ಪನವರಿಗೆ ಖುಷಿಯಾದೀತು. ಆ ಸ್ಟೇಷನ್ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯ ಹೆಡ್ ಆಫೀಸಾಗಿತ್ತು. 1871ರಲ್ಲಿ ಮುಂಬಯಿ ಕಡೆಯ ಹಳಿಯನ್ನು ರಾಯಚೂರಿನವರೆಗೆ ತಂದು ಮದ್ರಾಸಿನ ಹಳಿಗೆ ಕೂಡಿಸಿದ್ದು ಅದೇ ಕಂಪನಿ. ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಎಲ್ಲ ಆ ದಾರಿಯಲ್ಲೇ ಬರುತ್ತವೆ. ಇವತ್ತಿಗೂ ನಮ್ಮ ಸ್ಟೇಷನ್ ಸೆಂಟ್ರಲ್ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲೇ ಇದೆ, ಹೆಡ್ ಆಫೀಸು ಸಿಎಸ್‌ಎಂಟಿಯಲ್ಲೇ ಇದೆ.

ಕಡಿಮೆ ಖರ್ಚು ಬೇಕಂದ್ರೆ ಒಂದು ರಾತ್ರಿಗೆ ರೈಲ್ವೆ ರಿಟೈರಿಂಗ್ ರೂಮ್ ನೋಡಬಹುದು. ಕನ್‌ಫರ್ಮ್ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಇರಬೇಕು. ಹೆಚ್ಚಂದ್ರೆ 48 ತಾಸು. ಬೇಗ ತುಂಬಿಹೋಗುತ್ತವೆ, ಅದನ್ನೇ ನಂಬಿ ಕೂರಬೇಡ.

ಯಾದಗಿರಿ_ಬೆಟ್ಟ

ಅಣ್ಣಾ, ನಾನು ಉಲ್ಟಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಐತಿಹಾಸಿಕ ಅಂದ್ರೆ ಸೋರುವ ನಲ್ಲಿ, ಕಿರ್ ಅನ್ನೋ ಪಲಂಗ, ತಿಗಣೆ. ಅದೇ ದುಡ್ಡಿಗೆ ನವಿ ಮುಂಬಯಿಯಲ್ಲಿ ಹೊಸ ಹೋಟೆಲ್ ಸಿಗುತ್ತದೆ. ಎಸಿ, ಲಿಫ್ಟ್, ಬಿಸಿ ನೀರು ಎಲ್ಲ ಇರುತ್ತದೆ. ಕಟ್ಟಡ ನೋಡಬೇಕಂದ್ರೆ ಹಗಲು ಹೋಗಿ ನೋಡಿ ಬನ್ನಿ. ರಾತ್ರಿ ಕಣ್ಣು ಮುಚ್ಚಿದ ಮೇಲೆ ಗೋಡೆ 1890ರದ್ದಾದರೇನು, ಮೊನ್ನೆ ಕಟ್ಟಿದ್ದಾದರೇನು?

ಶಹಾಬಾದ್_ಫರಸಿ

ಬೆಟ್ಟ ಅವರೇ, ನವಿ ಮುಂಬಯಿಯಿಂದ ದಕ್ಷಿಣ ಮುಂಬಯಿಯ ಫೋರ್ಟ್ ಏರಿಯಾಕ್ಕೆ ದಿನಾ ಲೋಕಲ್‌ನಲ್ಲಿ ಮೊಣಕಾಲು ನೋವಿನ ತಾಯಿಯನ್ನು ಕರೆದುಕೊಂಡು ಓಡಾಡೋದು ಯಾರು? ಅಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. ನಾನು ಆ ಊರಿನಲ್ಲಿ ಹಳೇ ಕಟ್ಟಡಗಳ ರಿಪೇರಿ ಕೆಲಸದಲ್ಲೇ ವರ್ಷಗಟ್ಟಲೆ ಇದ್ದವನು. ಗುಮ್ಮಟ ಗಲ್ಲಿಯವರು ಕೇಳಿದ್ದು ಸಿಗುತ್ತದೆ. ಆದರೆ ಅಲ್ಲಿ ಅಗ್ಗ ಯಾಕೆ ಅನ್ನೋದು ಮೊದಲು ಗೊತ್ತಿರಬೇಕು.

ದಕ್ಷಿಣ ಮುಂಬಯಿಯಲ್ಲಿ ಕಡಿಮೆ ಬಾಡಿಗೆಯ ಹಳೇ ಗೆಸ್ಟ್‌ಹೌಸ್‌ಗಳಲ್ಲಿ ತುಂಬಾ ಕಡೆ ಇಡೀ ಕಟ್ಟಡ ಹೋಟೆಲಿನದಲ್ಲ. ದೊಡ್ಡ ಕಟ್ಟಡದ ಒಂದು ಅಂತಸ್ತು ಮಾತ್ರ ಅವರದು. ಕೆಳಗೆ ಅಂಗಡಿ, ನಡುವೆ ವಕೀಲರ ಆಫೀಸು, ಮೇಲೆ ಯಾರದೋ ಸಂಸಾರ. ಇವರೆಲ್ಲ ಪಗಡಿ ಬಾಡಿಗೆದಾರರು, ಅಂದ್ರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು, ಆಮೇಲೆ ಸಣ್ಣ ಬಾಡಿಗೆ ಕಟ್ಟಿಕೊಂಡು ಇರೋರು. 1947ರ ಬಾಂಬೆ ರೆಂಟ್ ಆ್ಯಕ್ಟ್, ಆಮೇಲೆ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ, ಇವೆರಡರಿಂದ ಹಳೇ ಬಾಡಿಗೆ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಗೆಸ್ಟ್‌ಹೌಸಿನವನಿಗೆ ಜಾಗದ ಖರ್ಚು ಕಡಿಮೆ. ಅದಕ್ಕೇ ಅಂಥ ಜಾಗದಲ್ಲೂ ನಿಮಗೆ ಖೋಲಿ ಕೈಗೆಟುಕುತ್ತದೆ. ಆದರೆ ಕಟ್ಟಡದ ಮಾಲೀಕನಿಗೆ ಬರೋದು ಪುಡಿಗಾಸು, ಅವನು ರಿಪೇರಿ ಯಾಕೆ ಮಾಡಿಸ್ತಾನೆ? ಹೊರಗಡೆ ಗಾರೆ ಉದುರಿರುತ್ತದೆ, ಮೆಟ್ಟಿಲ ಹತ್ತಿರ ಕರೆಂಟಿನ ವೈರು ಜಡೆ ಹಾಕಿಕೊಂಡಿರುತ್ತವೆ. ಬಾಗಿಲು ತೆರೆದು ಒಳಗೆ ಹೋದರೆ ಸ್ವಚ್ಛ ಖೋಲಿ. ಮುಖ ನೋಡಿ ವಾಪಸ್ ಬರೋರು ತುಂಬಾ ಜನ.

ಒಂದು ತಮಾಷೆ. ಅಂಥ ಕಟ್ಟಡಗಳ ಪಡಸಾಲೆಯಲ್ಲಿ, ಹಿಂಬದಿ ಅಂಗಳದಲ್ಲಿ ಕಾಲಿಗೆ ತಣ್ಣಗೆ ಹತ್ತುವ ಬೂದು ಬಣ್ಣದ ಕಲ್ಲು ಕಾಣುತ್ತದಲ್ಲ, ಮರಾಠಿಯವರು ಅದನ್ನು ಶಹಾಬಾದಿ ಅಂತಲೇ ಕರೀತಾರೆ. ನಮ್ಮ ಕಲ್ಲು. ಅಪ್ಪನವರಿಗೆ ತೋರಿಸಿ.

ಗುಮ್ಮಟ_ಗಲ್ಲಿ

ಅಣ್ಣಾರೆ, ಪಗಡಿ ವಿಷಯ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಹಾಗಾದ್ರೆ ಯಾವ ಏರಿಯಾ ಹಿಡಿಯೋದು? ಫೋರ್ಟ್, ಕೊಲಾಬಾ, ಮರೀನ್ ಡ್ರೈವ್ ಮೂರೂ ಹೆಸರು ಕೇಳಿದ್ದೇನೆ, ವ್ಯತ್ಯಾಸ ಗೊತ್ತಿಲ್ಲ.

ಶಹಾಬಾದ್_ಫರಸಿ

ಮೂರೂ ಬೇರೆ ಬೇರೆ ಕಾಲದವು.

ಫೋರ್ಟ್ ಎಲ್ಲಕ್ಕಿಂತ ಹಳೆಯದು. ಕಲ್ಲಿನ ಕಮಾನು, ಮರದ ಮೆಟ್ಟಿಲು. ಸಿಎಸ್‌ಎಂಟಿ, ಅದರ ಎದುರಿಗೆ ಅದೇ ಸ್ಟೀವನ್ಸ್ ಅವರ ಮಹಾನಗರ ಪಾಲಿಕೆ ಕಟ್ಟಡ, ಹೈಕೋರ್ಟು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಬಾಡಿಗೆಯೂ ಕಡಿಮೆ. ಆದರೆ ಭಾನುವಾರ ಆಫೀಸು ಮುಚ್ಚಿದರೆ ಊರು ಭಣಭಣ ಅನ್ನುತ್ತದೆ, ಚಹಾಕ್ಕೂ ಹುಡುಕಬೇಕು.

ಕೊಲಾಬಾ ಪ್ರವಾಸಿಗಳ ಜಾಗ. ಬೆಂಟ್ಲೀಸ್ ಅಂತ ಹಳೇ ಹೆಸರಿನ ಹೋಟೆಲಿದೆ. ಒಂದೇ ಕಟ್ಟಡದಲ್ಲಿ ಅಲ್ಲ, ಓಣಿಯ ಬೇರೆ ಬೇರೆ ಹಳೇ ಮನೆಗಳಲ್ಲಿ ಖೋಲಿಗಳು ಹಂಚಿಹೋಗಿವೆ. ಎತ್ತರದ ಸೂರು, ದೊಡ್ಡ ಕಿಟಕಿ. ತಾಜ್ ಹಿಂಬದಿಯಲ್ಲಿ ಸಾಲ್ವೇಶನ್ ಆರ್ಮಿಯವರ ರೆಡ್ ಶೀಲ್ಡ್ ಇದೆ. ಒಬ್ಬಂಟಿ ಹುಡುಗರು ಡಾರ್ಮಿಟರಿಯಲ್ಲಿ ಒಂದು ಹಾಸಿಗೆ ಹಿಡಿದು ಮಲಗೋಕೆ ಸರಿ. ಹಿರಿಯರಿಗೆ ಬೇಡ.

ಮರೀನ್ ಡ್ರೈವ್ 1930-40ರ ದಶಕದ್ದು. ಆರ್ಟ್ ಡೆಕೊ ಅಂತಾರೆ. ಮೂಲೆಗಳು ಚೂಪಾಗಿರೋದಿಲ್ಲ, ದುಂಡಗೆ ತಿರುಗಿರುತ್ತವೆ. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಸಣ್ಣ ಸಜ್ಜಾ. ಬಾಲ್ಕನಿಗಳನ್ನು ಹಡಗಿನ ಡೆಕ್ ನೆನಪಾಗಲಿ ಅಂತಲೇ ಹಾಗೆ ಮಾಡಿದ್ದು. ಓವಲ್ ಮೈದಾನದ ಆಚೆಯ ಗಾಥಿಕ್ ಕಟ್ಟಡಗಳು, ಈಚೆಯ ಆರ್ಟ್ ಡೆಕೊ ಕಟ್ಟಡಗಳು, ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಹಾಕಿದರು. ಆ ಸಾಲಿನಲ್ಲೇ ಸೀ ಗ್ರೀನ್ ಅನ್ನೋ ಹಳೇ ಹೋಟೆಲಿದೆ. ನಿಮ್ಮ ಬಜೆಟ್ಟಿಗೆ ಸ್ವಲ್ಪ ಮೇಲೆ ಹೋಗುತ್ತದೆ. ಆದರೆ ಅದೇ ರಸ್ತೆಯ ಸ್ಟಾರ್ ಹೋಟೆಲುಗಳ ಪಕ್ಕ ಇಟ್ಟು ನೋಡಿದರೆ ಏನೂ ಅಲ್ಲ.

ಬೀದರ್_ಅಕ್ಕ

ಎಲ್ಲ ಗಂಡಸರು ಕಮಾನು, ಸಜ್ಜಾ ಅಂತ ಮಾತಾಡ್ತಿದ್ದೀರಿ. ಅವ್ವನ ಮೊಣಕಾಲು ಮರೆತೇ ಬಿಟ್ರಲ್ಲ. ತಮ್ಮಾ, ನಾನು ಅತ್ತೆಯವರನ್ನು ಕರೆದುಕೊಂಡು ಹೋಗಿ ನೋಡಿದ್ದನ್ನು ಹೇಳ್ತೀನಿ.

ಫೋನಿನಲ್ಲಿ "ಲಿಫ್ಟ್ ಇದೆಯಾ" ಅಂತ ಕೇಳಿದ್ದೆ. "ಇದೆ ಮೇಡಂ" ಅಂದರು. ಸುಳ್ಳೇನಲ್ಲ, ಇತ್ತು. ಆದರೆ ರಸ್ತೆಯಿಂದ ಏಳೆಂಟು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟಿನ ಬಾಗಿಲು. ಹಳೇ ಕಟ್ಟಡಗಳ ಪೀಠ ಎತ್ತರ, ಅದಕ್ಕೆ. ಲಿಫ್ಟು ಅಂದ್ರೆ ಕಬ್ಬಿಣದ ಜಾಳಿಗೆಯ ಪಂಜರ. ಹೊರಗೊಂದು ಮಡಚುವ ಗೇಟು, ಒಳಗೊಂದು. ಎರಡನ್ನೂ ಖಟ್ ಅಂತ ಕೂರುವ ಹಾಗೆ ಎಳೆಯದಿದ್ದರೆ ಅದು ಹಂದಾಡೋದಿಲ್ಲ. ಒಳಗೆ ಸ್ಟೂಲಿನ ಮೇಲೆ ಲಿಫ್ಟ್‌ಮ್ಯಾನ್ ಅಜ್ಜ, ಕೈಯಲ್ಲಿ ಮರಾಠಿ ಪೇಪರು. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಎದ್ದು ಹೋದರೆ ಲಿಫ್ಟೂ ನಿಂತ ಹಾಗೆಯೇ. ಮೂರು ಜನ, ಇಲ್ಲಾಂದ್ರೆ ಎರಡು ಜನ ಮತ್ತು ಒಂದು ಪೆಟ್ಟಿಗೆ. ಅತ್ತೆಯವರು ಮೊದಲ ದಿನ ಬಸವಣ್ಣನ ಹೆಸರು ಹೇಳಿಕೊಂಡೇ ಹತ್ತಿದರು. ಮರುದಿನದಿಂದ ಆ ಅಜ್ಜನ ಜೊತೆ ಮುರುಕು ಹಿಂದಿಯಲ್ಲಿ ಮೊಮ್ಮಕ್ಕಳ ಸುದ್ದಿ ಶುರು.

ಖೋಲಿ ಮಾತ್ರ ಚೆನ್ನಾಗಿತ್ತು. ಸೂರು ಎಷ್ಟು ಎತ್ತರ ಅಂದ್ರೆ ಫ್ಯಾನು ಉದ್ದ ರಾಡಿಗೆ ನೇತಾಡುತ್ತಿತ್ತು. ಗೋಡೆ ದಪ್ಪ, ಹೊರಗಿನ ಗದ್ದಲ ಅಷ್ಟಾಗಿ ಕೇಳಿಸಲಿಲ್ಲ. ಕಿಟಕಿ ತೆರೆದರೆ ಗಾಳಿ. ಎಸಿ ಹಾಕಲೇ ಇಲ್ಲ.

ಆದ್ದರಿಂದ ಲಿಫ್ಟ್ ಇದೆಯಾ ಅಂತ ಕೇಳಬೇಡ. "ರಸ್ತೆಯಿಂದ ಖೋಲಿಯ ಬಾಗಿಲ ತನಕ ಒಟ್ಟು ಎಷ್ಟು ಮೆಟ್ಟಿಲು" ಅಂತ ಕೇಳು. ಎರಡನೇದು, ಬಾತ್‌ರೂಮ್ ಖೋಲಿಯೊಳಗೇ ಇದೆಯಾ, ಪಡಸಾಲೆಯ ಕೊನೆಗಾ? ಹಳೇ ಗೆಸ್ಟ್‌ಹೌಸ್‌ಗಳಲ್ಲಿ ಕಡಿಮೆ ಬಾಡಿಗೆಯ ಖೋಲಿಗೆ ಹೊರಗಡೆಯೇ ಇರುತ್ತದೆ. ಮೂರನೇದು, ಕೂರೋಕೆ ಕಮೋಡ್ ಇದೆಯಾ? ಇದನ್ನು ಕೇಳೋಕೆ ನಾಚಿಕೆ ಪಟ್ಟರೆ ಅವ್ವನಿಗೆ ಕಷ್ಟ.

ಇನ್ನು ಹೆಣ್ಣುಮಕ್ಕಳೇ ಹೋಗೋದಾದರೆ ಮೇಡಂ ಕಾಮಾ ರೋಡಿನ ವೈಡಬ್ಲ್ಯೂಸಿಎ ಗೆಸ್ಟ್‌ಹೌಸ್ ನೆಮ್ಮದಿ. ಐತಿಹಾಸಿಕ ಕಟ್ಟಡ ಅಂತ ಹೇಳಲಾರೆ, ಜಾಗ ಮಾತ್ರ ಐತಿಹಾಸಿಕವೇ.

ತೊಗರಿ_ಕಣಜ (ಕಲಬುರಗಿ)

ನಾವು ದಾಲ್ ಮಿಲ್ಲಿನವರು. ನಮ್ಮ ಅಜ್ಜನ ಕಾಲದಲ್ಲಿ ಧಾನ್ಯದ ಪೇಟೆ ಮಸ್ಜಿದ್ ಬಂದರಿನ ಕಡೆ ಇತ್ತು, ಈಗ ವಾಶಿ ಎಪಿಎಂಸಿಗೆ ಹೋಗಿದೆ. ಪೇಟೆ ಹೋದರೂ ನಮ್ಮ ಮನೆಯವರಿಗೆ ಕಾಲ್ಬಾದೇವಿಯ ಲಾಡ್ಜಿನ ಋಣ ಹರಿದಿಲ್ಲ. ಪ್ರವಾಸಿಗಳಿಗೆ ಗೊತ್ತೇ ಇಲ್ಲದ ಏರಿಯಾ. ವ್ಯಾಪಾರಿಗಳೇ ಇಳಿಯೋದು. ನೀವು ಹೇಳಿದ್ದಕ್ಕಿಂತ ಕಡಿಮೆಗೇ ಸಿಗುತ್ತದೆ. ಗುಜರಾತಿ ಥಾಳಿ ಪಕ್ಕದಲ್ಲೇ. ಆದರೆ ಬಿಸಿ ನೀರಿಗೆ ಟೈಮ್ ಇರುತ್ತದೆ, ಬೆಳಗ್ಗೆ ತಡವಾಗಿ ಎದ್ದರೆ ತಣ್ಣೀರೇ ಗತಿ. ಹಗಲೆಲ್ಲ ಕೈಗಾಡಿ, ಹಮಾಲರ ಕೂಗು. ಹಿರಿಯರಿಗೆ ರಸ್ತೆ ದಾಟೋದೇ ಒಂದು ಕೆಲಸ.

ಚೆಕ್‌ಔಟ್ ವಿಷಯ ಯಾರೂ ಹೇಳಲಿಲ್ಲ. ಕೆಲವು ಕಡೆ ನೀವು ಬಂದ ತಾಸಿನಿಂದ 24 ತಾಸು ಲೆಕ್ಕ, ಕೆಲವು ಕಡೆ ಮಧ್ಯಾಹ್ನ 12ಕ್ಕೆ ಖೋಲಿ ಬಿಡಬೇಕು. ಹುಸೇನ್‌ಸಾಗರ್‌ಗೆ ಬಂದು ನಸುಕಿನಲ್ಲಿ ಇಳಿಯೋ ನಮ್ಮಂಥವರಿಗೆ 24 ತಾಸಿನ ಲಾಡ್ಜೇ ಲಾಭ. ಇಲ್ಲಾಂದ್ರೆ ಆರು ತಾಸಿಗೆ ಒಂದು ದಿನದ ದುಡ್ಡು ಹೋಗುತ್ತದೆ. ಮೊದಲೇ ಕೇಳಿಕೊಳ್ಳಿ.

ಯಾದಗಿರಿ_ಬೆಟ್ಟ

ಅಕ್ಕಾರ ಲಿಫ್ಟಿನ ಕಥೆ ಓದಿ ನನಗೂ ಒಮ್ಮೆ ಹತ್ತಿ ನೋಡೋಣ ಅನಿಸಿದ್ದು ನಿಜ. ಆದರೆ ತಿಗಣೆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ.

ಶಹಾಬಾದ್_ಫರಸಿ

ಕೊಡ್ತೀನಿ. ತಿಗಣೆಗೆ ಹಳೇದು ಹೊಸದು ಅನ್ನೋ ಭೇದ ಇಲ್ಲ. ಅದು ಬರೋದು ಜನರ ಪೆಟ್ಟಿಗೆ, ಬಟ್ಟೆಯ ಜೊತೆ. ಹೊಸ ಹೋಟೆಲಿಗೂ ಬರುತ್ತದೆ. ಆದರೆ ಹಳೇ ಮರದ ಪಲಂಗದಲ್ಲಿ ಸಂದು ಜಾಸ್ತಿ, ಅಡಗೋಕೆ ಅನುಕೂಲ ಜಾಸ್ತಿ, ಅದು ನಿಜ. ದುಡ್ಡು ಕೊಡೋ ಮೊದಲು ಖೋಲಿ ನೋಡ್ತೀನಿ ಅನ್ನಿ. ಚಾದರ ಎತ್ತಿ, ಗಾದಿಯ ನಾಲ್ಕೂ ಮೂಲೆಯ ಹೊಲಿಗೆಗೆ ಫೋನಿನ ಟಾರ್ಚ್ ಹಿಡಿಯಿರಿ. ಕರಿ ಚುಕ್ಕೆ ಸಾಲಾಗಿ ಕಂಡರೆ ನಮಸ್ಕಾರ ಹಾಕಿ ಬನ್ನಿ. ಪೆಟ್ಟಿಗೆಯನ್ನು ಪಲಂಗದ ಮೇಲೂ ಇಡಬೇಡಿ, ಕೆಳಗೂ ಇಡಬೇಡಿ. ಖೋಲಿ ನೋಡೋಕೆ ಬಿಡಲ್ಲ ಅನ್ನೋ ಕಡೆ ಇಳಿಯಲೇಬೇಡಿ.

ಸೇಡಂ_ರೋಡ್

ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನಮ್ಮ ಕಡೆಯಿಂದ ಮುಂಬಯಿಗೆ ಹೋಗೋರಲ್ಲಿ ನೋಡೋಕೆ ಹೋಗೋರಿಗಿಂತ ಟಾಟಾ ಆಸ್ಪತ್ರೆಗೆ ಹೋಗೋರೇ ಜಾಸ್ತಿ. ಅವರು ಈ ಚರ್ಚೆ ಓದಿ ಕೊಲಾಬಾಕ್ಕೆ ಹೋಗಿ ಇಳಿದರೆ ಕಷ್ಟ. ಆಸ್ಪತ್ರೆ ಪರೇಲ್‌ನಲ್ಲಿದೆ. ದಾದರ್‌ನಲ್ಲಿ ಗಾಡಗೆ ಮಹಾರಾಜ ಮಿಷನ್ ಧರ್ಮಶಾಲೆ ಇದೆ, ಕ್ಯಾನ್ಸರ್ ರೋಗಿಗಳು, ಅವರ ಜೊತೆಗೆ ಬಂದವರು ಉಳಿಯೋದು ಅಲ್ಲೇ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಕೇಳಿದರೆ ಯಾವ ಧರ್ಮಶಾಲೆಯಲ್ಲಿ ಜಾಗ ಇದೆ ಅಂತ ಹೇಳ್ತಾರೆ. ಇಷ್ಟೇ. ನೀವು ಮುಂದುವರಿಸಿ.

ಗುಮ್ಮಟ_ಗಲ್ಲಿ

ಸೇಡಂ ರೋಡ್ ಅವರೇ, ಕ್ಷಮೆ ಯಾಕೆ, ಒಳ್ಳೇದು ಮಾಡಿದ್ರಿ. ಯಾರಿಗಾದರೂ ಬೇಕಾಗುತ್ತದೆ.

ಇಲ್ಲಿರೋದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರದ್ದು ಹೊಸ ಪ್ರಶ್ನೆ. ಟಾಟಾ ಅವರನ್ನು ಯಾವುದೋ ಇಂಗ್ಲಿಷ್ ಹೋಟೆಲಿನಲ್ಲಿ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ತಾಜ್ ಕಟ್ಟಿಸಿದರು ಅಂತಾರಲ್ಲ, ಆ ಹೋಟೆಲ್ ಈಗಲೂ ಇದೆಯಾ, ಅಲ್ಲೇ ಉಳಿಯಬಹುದಾ ಅಂತ.

ಶಹಾಬಾದ್_ಫರಸಿ

ವಾಟ್ಸನ್ಸ್ ಹೋಟೆಲು. ಕಟ್ಟಡ ಕಾಲಾ ಘೋಡಾ ಹತ್ತಿರ ಇದೆ, ಎಸ್‌ಪ್ಲನೇಡ್ ಮ್ಯಾನ್ಶನ್ ಅಂತ ಹೆಸರು. ಉಳಿಯೋಕೆ ಆಗಲ್ಲ. ಹೋಟೆಲ್ ಮುಚ್ಚಿ ಎಷ್ಟೋ ಕಾಲ ಆಯಿತು, ಶಿಥಿಲ ಆಗಿದೆ ಅಂತ ಒಳಗಿದ್ದವರನ್ನೂ 2019ರಲ್ಲಿ ಖಾಲಿ ಮಾಡಿಸಿದರು. ಹೊರಗಡೆ ನಿಂತು ನೋಡಬಹುದು, ನೋಡಲೇಬೇಕು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಬ್ಬಿಣದ ಕಂಬ, ತೊಲೆ ಎಲ್ಲ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರವನ್ನು ನಮ್ಮ ದೇಶದಲ್ಲಿ ಮೊದಲ ಸಲ ತೋರಿಸಿದ್ದು ಅಲ್ಲೇ. ಅದೇ ವರ್ಷ ಮಾರ್ಕ್ ಟ್ವೇನ್ ಅಲ್ಲಿ ಇಳಿದಿದ್ದರು, ಬಾಲ್ಕನಿಗೆ ಬರುವ ಕಾಗೆಗಳ ಕಾಟದ ಬಗ್ಗೆ ಬರೆದಿದ್ದಾರೆ.

ಟಾಟಾ ಕಥೆಯನ್ನು ಎಲ್ಲರೂ ಹೇಳ್ತಾರೆ, ಇತಿಹಾಸಕಾರರೆಲ್ಲ ಒಪ್ಪೋದಿಲ್ಲ. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ಕ್ಕೆ, ಅದು ಖಚಿತ. ಅದರ ಎದುರಿನ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಅಂದ್ರೆ ತಾಜ್‌ನಲ್ಲಿ ಇಳಿದ ಮೊದಲ ಗಿರಾಕಿಗಳ ಕಿಟಕಿಯಿಂದ ಗೇಟ್‌ವೇ ಕಾಣುತ್ತಿರಲಿಲ್ಲ.

ಹಳೇ_ಸ್ಟೇಷನ್

ನಿಮ್ಮ ಅಪ್ಪನವರಿಗೆ ಇನ್ನೊಂದು ಜಾಗ ಹೇಳ್ತೀನಿ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸರ್ದಾರ್ ಗೃಹ. ಲೋಕಮಾನ್ಯ ತಿಲಕರು ಪುಣೆಯಿಂದ ಬಂದರೆ ಇಳಿಯುತ್ತಿದ್ದ ಲಾಡ್ಜು ಅದು. 1920ರ ಆಗಸ್ಟ್ 1ರಂದು ಅವರು ತೀರಿಕೊಂಡದ್ದೂ ಅಲ್ಲೇ. ದೊಡ್ಡ ಮನುಷ್ಯರೆಲ್ಲ ದೊಡ್ಡ ಹೋಟೆಲಿನಲ್ಲೇ ಇಳಿಯುತ್ತಿದ್ದರು ಅಂದುಕೊಳ್ಳಬೇಡಿ.

ಹಾಗೆ ನೋಡಿದರೆ ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಏನು ಕಡಿಮೆ? 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಉದ್ಘಾಟನೆ ಮಾಡಿದ್ದು. ತಾಜ್ ಶುರುವಾದ ವರ್ಷವೇ! ಮುಂದಿನ ಸಲ ಬೆಂಗಳೂರಿಗೆ ಹೋದಾಗ ನೋಡಿ.

ಬೀದರ್_ಅಕ್ಕ

ಕಾಕಾ, ತಮ್ಮ ಮುಂಬಯಿ ಕೇಳಿದ್ರೆ ನೀವು ಬೆಂಗಳೂರಿಗೆ ಗಾಡಿ ತಿರುಗಿಸಿದ್ರಿ. ಇರಲಿ.

ದುಡ್ಡಿನ ಮಾತು ಒಂದಿಷ್ಟು. ಆ್ಯಪ್‌ನಲ್ಲಿ ಹೆಸರು ಹುಡುಕು, ಫೋಟೋ ನೋಡು, ಆದರೆ ಹೋಟೆಲಿಗೇ ಫೋನ್ ಮಾಡಿ ಮಾತಾಡು. ಹಳೇ ಗೆಸ್ಟ್‌ಹೌಸಿನವರು ಫೋನಿಗೆ ಒಂದು ದರ, ಆ್ಯಪಿಗೆ ಒಂದು ದರ ಇಟ್ಟಿರ್ತಾರೆ. ಒಂದಕ್ಕಿಂತ ಹೆಚ್ಚು ರಾತ್ರಿ, ಎರಡು ಖೋಲಿ ಅಂದ್ರೆ ಸ್ವಲ್ಪ ಇಳಿಸ್ತಾರೆ. ಗೂಗಲ್‌ನಲ್ಲಿ ಬರೋ ನಂಬರೆಲ್ಲ ಹೋಟೆಲಿನದೇ ಆಗಿರೋದಿಲ್ಲ. ಪೂರ್ತಿ ದುಡ್ಡು ಮೊದಲೇ ಕಳಿಸಿ ಅಂತ ಅವಸರ ಮಾಡಿದರೆ ಅಲ್ಲಿಗೇ ಬಿಟ್ಟುಬಿಡು. ಬಾಡಿಗೆ ಹೇಳುವಾಗ ಟ್ಯಾಕ್ಸ್ ಸೇರಿಸಿ ಹೇಳಿದ್ರಾ ಕೇಳು. ದಿನಕ್ಕೆ 7,500 ರೂಪಾಯಿವರೆಗಿನ ಖೋಲಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5% ಆಗಿದೆ, ಮೊದಲು 12% ಇತ್ತು. ಹಳೇ ಲೆಕ್ಕ ಹಾಕಿದ ಬಿಲ್ ಕೊಟ್ಟರೆ ಸುಮ್ನೆ ಇರಬೇಡ.

ಸಮುದ್ರದ ಕಡೆ ಮುಖ ಮಾಡಿದ ಖೋಲಿಗೆ ಬಾಡಿಗೆ ಜಾಸ್ತಿ, ರಾತ್ರಿಯೆಲ್ಲ ಗಾಡಿಗಳ ಸದ್ದೂ ಜಾಸ್ತಿ. ಹಿಂಬದಿ ಖೋಲಿ ತಗೊಂಡು, ಸಂಜೆ ಎದುರಿನ ಕಟ್ಟೆಯ ಮೇಲೆ ಕೂತರೆ ಅದೇ ಸಮುದ್ರ ಪುಕ್ಕಟೆ.

ಯಾದಗಿರಿ_ಬೆಟ್ಟ

ಪುಕ್ಕಟೆ ಸಮುದ್ರ! ಇದನ್ನು ಒಪ್ಪಿದೆ ಅಕ್ಕಾ.

ಗುಮ್ಮಟ_ಗಲ್ಲಿ

ಎಲ್ಲರಿಗೂ ಶರಣು ಶರಣಾರ್ಥಿ. ಇವತ್ತು ಕೂತು ಫೋನ್ ಹಚ್ಚಿದೆ. ಫೋರ್ಟಿನ ಒಂದು ಗೆಸ್ಟ್‌ಹೌಸಿನವರು "ಒಟ್ಟು ಎಷ್ಟು ಮೆಟ್ಟಿಲು" ಅಂದಾಗ ನಕ್ಕುಬಿಟ್ಟರು, ಆಮೇಲೆ ಎಣಿಸಿ ಹೇಳ್ತೀನಿ ಅಂತ ಫೋನ್ ಇಟ್ಟರು. ನಿಜವಾಗಿ ಎಣಿಸಿ ವಾಪಸ್ ಹಚ್ಚಿದರು! ಲಿಫ್ಟಿನ ತನಕ ಐದು, ಮೇಲೆ ಒಂದೂ ಇಲ್ಲ. ಕಮೋಡ್ ಒಳಗೇ ಇದೆ. ಬಾಡಿಗೆ ನನ್ನ ಲೆಕ್ಕದೊಳಗೇ ಬಂತು. ಅಲ್ಲೇ ಹಿಡಿದೆ. ಕೊನೆಯ ರಾತ್ರಿ ಒಂದಕ್ಕೆ ಮಾತ್ರ ಮರೀನ್ ಡ್ರೈವ್‌ನ ಆರ್ಟ್ ಡೆಕೊ ಕಟ್ಟಡ, ಹಿಂಬದಿ ಖೋಲಿ. ಅಪ್ಪ ಈಗಲೇ ನೋಟ್‌ಬುಕ್ಕಿನಲ್ಲಿ ಇಸವಿ ಬರೆದುಕೊಳ್ಳುತ್ತಿದ್ದಾರೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಕಟ್ಟಬೇಕು ಅನ್ನೋ ಲೆಕ್ಕದಲ್ಲಿದ್ದಾಳೆ.

ತೊಗರಿ_ಕಣಜ

ರೊಟ್ಟಿ ಜಾಸ್ತಿಯೇ ಕಟ್ಟಿಸಿ. ಅನ್ನ-ಸಾರಿನ ಊಟ ಬೇಕಾದರೆ ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಅದೂ ಹಳೇದೇ, ಅಪ್ಪನವರು ಒಪ್ತಾರೆ. ಕನ್ನಡದಲ್ಲೇ ಮಾತಾಡಿ ನೋಡಿ.

ಶಹಾಬಾದ್_ಫರಸಿ

ಫೋರ್ಟಿನಲ್ಲಿ ಇಳಿದರೆ ಓಡಾಟಕ್ಕೆ ಮೆಟ್ರೋ 3 ಬಳಸಿ. 2025ರ ಅಕ್ಟೋಬರ್‌ನಿಂದ ಕಫ್ ಪರೇಡ್ ತನಕ ಓಡುತ್ತಿದೆ. ಸಿಎಸ್‌ಎಂಟಿ, ಹುತಾತ್ಮಾ ಚೌಕ, ಚರ್ಚ್‌ಗೇಟ್ ಎಲ್ಲ ಅದರಲ್ಲೇ ಸಿಗುತ್ತವೆ. ಹೊಸ ಸ್ಟೇಷನ್‌ಗಳು, ಲಿಫ್ಟ್, ಎಸ್ಕಲೇಟರ್ ಇವೆ. ಅವ್ವನವರಿಗೆ ಲೋಕಲ್ ರೈಲಿನ ನೂಕುನುಗ್ಗಲು ಬೇಡ.

ಹಳೇ_ಸ್ಟೇಷನ್

ಎಲಿಫಂಟಾ ಗುಹೆ ಸೋಮವಾರ ರಜ. ನಿನ್ನ ಟಿಕೆಟಿನ ದಿನ ನೋಡಿಕೊಂಡು ಸೋಮವಾರಕ್ಕೆ ಮ್ಯೂಸಿಯಂ ಇಟ್ಟುಕೋ. ದೋಣಿಯಿಂದ ಇಳಿದ ಮೇಲೆ ಗುಹೆಯ ತನಕ ಮೆಟ್ಟಿಲು ತುಂಬಾ ಇವೆ, ಅವ್ವನವರಿಗೆ ಡೋಲಿ ಸಿಗುತ್ತದಾ ಅಂತ ಜೆಟ್ಟಿಯಲ್ಲೇ ವಿಚಾರಿಸು, ದರ ಮೊದಲೇ ಮಾತಾಡು.

ಗುಮ್ಮಟ_ಗಲ್ಲಿ

ಅಯ್ಯೋ ಕಾಕಾ, ಸೋಮವಾರಕ್ಕೇ ಹಾಕಿದ್ದೆ! ಬದಲಿಸ್ತೀನಿ.